ದಾವೆಗೆ ಸಹಿ ಹಾಕುವ ಮೊದಲು ಶೆಡ್ಯೂಲು ಓದಿಸಿ ಕೇಳಿ

ಸಂಪಾದಕರಿಗೆ ನಮಸ್ಕಾರ.

ಜಾಗದ ತಕರಾರಿಗೆ ಕೋರ್ಟು ಹತ್ತಿದವರು ನಮ್ಮ ಕಾಸರಗೋಡಿನ ಕಡೆ ಊರೂರಲ್ಲಿ ಸಿಗುತ್ತಾರೆ. ಅವರಿಗೆ ಉಪಯೋಗ ಆಗಲಿ ಅಂತ ನಮ್ಮ ಮನೆಯಲ್ಲಿ ಆದದ್ದನ್ನು ಬರೆಯುತ್ತಿದ್ದೇನೆ.

ನಮ್ಮ ಅಡಿಕೆ ತೋಟದ ಪಾಲುಪಟ್ಟಿ 1954ರದ್ದು. ಆಗ ಕಾಸರಗೋಡು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು, ಹಾಗಾಗಿ ದಸ್ತಾವೇಜು ಪೂರ್ತಿ ಕನ್ನಡದಲ್ಲಿದೆ. ಮೂಡಕ್ಕೆ ಅಗಳು (ಗಡಿಯ ಕಂದಕ), ಪಡುವಕ್ಕೆ ತೋಡು (ಸಣ್ಣ ಹಳ್ಳ) ಅಂತ ಅಜ್ಜನ ಕಾಲದವರು ಸ್ಪಷ್ಟ ಬರೆಸಿದ್ದಾರೆ. ಪಕ್ಕದವರು ಅಗಳು ದಾಟಿ ಬೇಲಿ ಹಾಕಿದಾಗ ಅಪ್ಪ ದಾವೆ ಹೂಡಿದರು. ವಾದಪತ್ರ, ಅದರಲ್ಲಿ ಜಾಗದ ಗಡಿ, ನಂಬರು ಬರೆಯುವ ಶೆಡ್ಯೂಲು, ಎಲ್ಲ ಇಂಗ್ಲಿಷಿನಲ್ಲಿ ತಯಾರಾಯಿತು. ತೋರಿಸಿದಲ್ಲೆಲ್ಲ ಅಪ್ಪ ಸಹಿ ಹಾಕಿದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಓದಿ ಹೇಳಿ ಅಂತ ಕೇಳುವುದಕ್ಕೆ ಸಂಕೋಚ.

ಆಮೇಲೆ ಜಾಗ ನೋಡಿ ವರದಿ ಕೊಡಲು ಕೋರ್ಟು ನೇಮಿಸಿದ ಕಮಿಷನರ್ ಸರ್ವೆಯರನ್ನು ಕರೆದುಕೊಂಡು ಅಳತೆಗೆ ಬಂದಾಗಲೇ ತಪ್ಪು ಗೊತ್ತಾದದ್ದು. ಶೆಡ್ಯೂಲಿನಲ್ಲಿ ಅಗಳು ಪಡುವಕ್ಕೆ, ತೋಡು ಮೂಡಕ್ಕೆ ಹೋಗಿ ಕೂತಿತ್ತು! ಹಾಕಿದ್ದ ರೀಸರ್ವೆ ನಂಬರು (ಮರು ಅಳತೆಯಲ್ಲಿ ಕೊಟ್ಟ ಹೊಸ ಸರ್ವೆ ನಂಬರು) ಪಕ್ಕದ ಜಾಗದ್ದು. ಅಂದರೆ ನಮ್ಮ ಜಾಗ ಉಳಿಸಿಕೊಡಿ ಅಂತ ಕೇಳಿದ ಕಾಗದದಲ್ಲಿ ನಮ್ಮ ಜಾಗವೇ ಇರಲಿಲ್ಲ. ಹೀಗೇ ತೀರ್ಪಾಗಿ ಗೆದ್ದಿದ್ದರೂ ತೀರ್ಪು ಜಾರಿ ಮಾಡುವ ಕೋರ್ಟಿನ ಅಮೀನರು ಬಂದು ಯಾವ ಜಾಗ ನೋಡಬೇಕಿತ್ತು ಹೇಳಿ.

ಇಂಥ ತಪ್ಪು ತಿದ್ದಲು ದಾರಿ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 6ನೇ ಆದೇಶದ 17ನೇ ನಿಯಮ ಅದಕ್ಕೇ ಇರುವುದು. ಆದರೆ 2002ರ ಜುಲೈಯಿಂದ ಅದಕ್ಕೊಂದು ಷರತ್ತು ಸೇರಿದೆ. ಸಾಕ್ಷ್ಯದ ವಿಚಾರಣೆ ಶುರುವಾದ ಮೇಲೆ ತಿದ್ದುಪಡಿ ಕೇಳಿದರೆ, ಎಷ್ಟು ಎಚ್ಚರದಿಂದ ಇದ್ದರೂ ಮೊದಲೇ ಹೇಳಲು ಆಗುತ್ತಿರಲಿಲ್ಲ ಎಂದು ಕೋರ್ಟಿಗೆ ಮನವರಿಕೆ ಆಗಬೇಕು. ನಾವು ಎಡವಿದ್ದು ಇಲ್ಲೇ. ಕಮಿಷನರ ವರದಿ ಬಂದ ಕೂಡಲೇ ಅರ್ಜಿ ಹಾಕಬೇಕಿತ್ತು. ಆಮೇಲೆ ನೋಡೋಣ, ಆಮೇಲೆ ನೋಡೋಣ ಅಂತ ಒಂದೂವರೆ ವರ್ಷ ಹೋಯಿತು, ಅಪ್ಪನ ಸಾಕ್ಷ್ಯದ ಅಫಿಡವಿಟ್ಟೂ ಕೋರ್ಟಿಗೆ ಹೋಯಿತು, ಕೊನೆಗೆ ಎದುರು ವಕೀಲರು ಅಡ್ಡ ವಿಚಾರಣೆಯಲ್ಲಿ ನಿಮ್ಮ ತೋಟದ ಮೂಡಕ್ಕೆ ಏನಿದೆ ಅಂತ ಕೇಳಿದರು. ಅಪ್ಪ ಅಗಳು ಅಂದರು. ಹಾಗಾದರೆ ಇದೆಲ್ಲ ನಿಜ ಅಂತ ಸಹಿ ಹಾಕಿದ್ದು ಯಾರು ಎಂದು ವಾದಪತ್ರ ತೋರಿಸಿದರು. 76 ವರ್ಷದ ಮನುಷ್ಯ, ಒಂದು ದಿನ ಸುಳ್ಳು ಹೇಳಿದವರಲ್ಲ, ಕಟಕಟೆಯಲ್ಲಿ ತಲೆ ತಗ್ಗಿಸಿ ನಿಂತರು. ಅದನ್ನು ನೋಡಿದ ನನಗೆ ಇವತ್ತಿಗೂ ಸಂಕಟ ಆಗುತ್ತದೆ.

ಆಮೇಲೆ ಹಾಕಿದ ತಿದ್ದುಪಡಿ ಅರ್ಜಿಗೆ ಎದುರಿನವರು ಜೋರು ಆಕ್ಷೇಪ ಎತ್ತಿದರು. ವರದಿ ಕೈಯಲ್ಲಿದ್ದೂ ಸುಮ್ನೆ ಕೂತದ್ದು ಯಾಕೆ ಅಂತ ಅವರು ಕೇಳಿದ್ದು ನ್ಯಾಯವೇ. ಹೊಸ ಜಾಗವೇನೂ ಕೇಳುತ್ತಿಲ್ಲ, ಕಮಿಷನರ ನಕ್ಷೆಯಲ್ಲಿ ಇರುವುದನ್ನೇ ಬರೆಯುತ್ತಿದ್ದಾರೆ ಎಂದು ಕೋರ್ಟು ಖರ್ಚು ಕಟ್ಟಿಸಿ ಒಪ್ಪಿಕೊಂಡಿತು. ಎಲ್ಲರಿಗೂ ಹಾಗೆ ಸಿಗುತ್ತದೆ ಅಂತ ನಂಬಬೇಡಿ. ಒಪ್ಪಿದ ಮೇಲೂ ಕೆಲಸ ಮುಗಿಯುವುದಿಲ್ಲ. ಆದೇಶದಲ್ಲಿ ಗಡುವು ಹೇಳದಿದ್ದರೆ 14 ದಿನದೊಳಗೆ ತಿದ್ದಬೇಕು. ಎದುರಿನವರಿಗೆ ಹೆಚ್ಚುವರಿ ಹೇಳಿಕೆ ಕೊಡಲು ಅವಕಾಶ ಆಯಿತು, ಅಪ್ಪ ಮತ್ತೆ ಕಟಕಟೆ ಹತ್ತಬೇಕಾಯಿತು.

ಇನ್ನೊಂದು ವಿಷಯ. ನಾವು ಕೇಳಿದ್ದು ಬರೀ ತಡೆಯಾಜ್ಞೆ. ಎದುರಿನವರು ಲಿಖಿತ ಹೇಳಿಕೆಯಲ್ಲಿ ಜಾಗದ ಹಕ್ಕನ್ನೇ ಗಟ್ಟಿಯಾಗಿ ಅಲ್ಲಗಳೆದರೆ, ಹಕ್ಕು ನಮ್ಮದು ಅಂತ ಘೋಷಣೆಯನ್ನೂ ಕೇಳಬೇಕಾಗುತ್ತದೆ. ಅದಕ್ಕೆ ಸಾಮಾನ್ಯವಾಗಿ 3 ವರ್ಷದ ಮಿತಿ ಇದೆ. ಹಾಗಾಗಿ ಎದುರಿನವರ ಹೇಳಿಕೆ ಬಂದ ದಿನವೇ ಅದರ ಪ್ರತಿ ತೆಗೆದುಕೊಂಡು, ನಮ್ಮ ದಾವೆಯಲ್ಲಿ ಏನಾದರೂ ಸೇರಿಸಬೇಕಾ ಅಂತ ವಕೀಲರ ಹತ್ತಿರ ಕೇಳಿ.

ನಮ್ಮ ಜಿಲ್ಲೆಯಲ್ಲಿ ಈ ತಪ್ಪಿಗೆ ದಾರಿ ಜಾಸ್ತಿ. ಹಳೆ ಆಧಾರ ಕನ್ನಡದಲ್ಲಿ, ವಿಲೇಜ್ ಆಫೀಸಿನ ಕಾಗದ ಮಲಯಾಳದಲ್ಲಿ, ದಾವೆ ಇಂಗ್ಲಿಷಿನಲ್ಲಿ. ಅಳತೆ ಒಂದು ಕಡೆ ಸೆಂಟ್ಸು, ಇನ್ನೊಂದು ಕಡೆ ಆರ್. ಒಂದು ಆರ್ ಅಂದರೆ ಸುಮಾರು 2.47 ಸೆಂಟ್ಸು, ಇದನ್ನು ತಿರುಗಿಸುವಾಗಲೂ ಎಡವಟ್ಟು ಆಗುತ್ತದೆ. ಮೂರು ಭಾಷೆ, ಎರಡು ಅಳತೆ, ಎರಡು ಸರ್ವೆ ನಂಬರು ದಾಟಿ ಬರುವ ಶೆಡ್ಯೂಲನ್ನು, ಆ ಜಾಗದಲ್ಲಿ ಹುಟ್ಟಿ ಬೆಳೆದವರೇ ಒಮ್ಮೆ ಕೇಳಿಸಿಕೊಳ್ಳಬೇಕು ಅಲ್ವಾ?

ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲಿ, ಕನ್ನಡ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳ ಜತೆ ನಾವು ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು ಎಂದಿದೆ. ಹಾಗಾದರೆ ಹಳೆ ಸರ್ವೆ ನಂಬರಿಗೆ ಹೊಸ ನಂಬರು ಯಾವುದು ಎಂಬ ಮಾಹಿತಿಯನ್ನೂ ಕೇಳಿದವರಿಗೆ ಕನ್ನಡದಲ್ಲಿ ಬರೆದು ಕೊಡಲಿ. ವಕೀಲರಲ್ಲೂ ಒಂದು ವಿನಂತಿ. ಸಹಿ ಹಾಕಿಸುವ ಮೊದಲು ಐದು ನಿಮಿಷ ಕೊಟ್ಟು, ಮೂಡ, ತೆಂಕು, ಪಡು, ಬಡಗು ಅಂತ ನಾಲ್ಕೂ ಗಡಿಯನ್ನು ಕಕ್ಷಿದಾರರಿಗೆ ಕನ್ನಡದಲ್ಲಿ ಓದಿ ಹೇಳಿ. ತಪ್ಪಿದ್ದರೆ ನನ್ನ ಅಪ್ಪನಂಥವರು ಅಲ್ಲೇ ಹೇಳುತ್ತಾರೆ.

– ಒಬ್ಬ ಕೃಷಿಕ, ಮಂಜೇಶ್ವರ ತಾಲೂಕು