ಚೌತಿಗೆ ಪೇಂಟ್, ದೀಪಾವಳಿಗೆ ಹಕ್ಕಳೆ

ಮಾನ್ಯ ಸಂಪಾದಕರೇ,

ಚೌತಿ ಹತ್ತಿರ ಬಂತೆಂದರೆ ಕಾರವಾರದಿಂದ ಭಟ್ಕಳದವರೆಗೆ ಹಳೆಯ ಮನೆಗಳಲ್ಲಿ ಪೇಂಟಿನ ಗಡಿಬಿಡಿ. ಗಣಪತಿ ಕೂರುವ ಕೋಣೆ ಚೆಂದ ಕಾಣಲಿ ಎನ್ನುವುದು ಸರಿಯೇ. ಆದರೆ ಜೂನ್‌ನಿಂದ ನೀರು ಕುಡಿದು ನಿಂತ ಚಿರೆಕಲ್ಲಿನ (ಜಂಬಿಟ್ಟಿಗೆಯ) ಗೋಡೆಗೆ ಮಳೆಗಾಲದಲ್ಲೇ ನುಣುಪು ಮಾಡುವ ಪುಟ್ಟಿ ಎಳೆದು ಎಮಲ್ಷನ್ (ನೀರಿನಲ್ಲಿ ಕಲಸುವ ಪ್ಲಾಸ್ಟಿಕ್ ಪೇಂಟ್) ಹೊಡೆದರೆ ದೀಪಾವಳಿಯೊಳಗೆ ಹಕ್ಕಳೆ ಏಳತೊಡಗುತ್ತದೆ. ಬೈಗುಳ ಮಾತ್ರ ಪೇಂಟ್ ಕಂಪನಿಗೆ.

ಚಿರೆಕಲ್ಲು ಬುಡದಿಂದ ನೀರು ಎಳೆಯುತ್ತದೆ. ಸುಣ್ಣದ ಗಾರೆಯ ಗಿಲಾವು (ಪ್ಲಾಸ್ಟರ್) ಆ ತೇವವನ್ನು ಹೊರಗೆ ಬಿಡುತ್ತದೆ. ಎಮಲ್ಷನ್ ಆ ದಾರಿಯನ್ನು ಬಹುಮಟ್ಟಿಗೆ ಮುಚ್ಚುವುದರಿಂದ ನೀರಿನೊಂದಿಗೆ ಬಂದ ಉಪ್ಪು ಪೇಂಟಿನ ಹಿಂದೆ ಹರಳುಗಟ್ಟಿ ಅದನ್ನು ದೂಡುತ್ತದೆ. ಹಿಂದಿನವರು ಗೋಡೆಯ ಬುಡಕ್ಕೆ ಬಳಿದ ಎಣ್ಣೆ ಪೇಂಟಿನ ಪಟ್ಟಿಯನ್ನೇ ನೋಡಿ: ಪಟ್ಟಿ ನೆಟ್ಟಗಿದ್ದರೂ ಅದರ ಮೇಲಂಚಿನಲ್ಲಿ ಗಿಲಾವು ಉದುರುತ್ತಿರುತ್ತದೆ. ಒಳಗಿನಿಂದ 'ವಾಟರ್‌ಪ್ರೂಫ್' ಬಳಿದರೂ ಇದೇ ಕತೆ.

ಗೋಡೆ ಒಣಗಿದೆಯೇ ಎಂದು ತಿಳಿಯಲು ಎರಡಡಿ ಉದ್ದ, ಎರಡಡಿ ಅಗಲದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ ಒಂದು ಹಗಲು, ಒಂದು ರಾತ್ರಿ ಬಿಡಿ. ಹಾಳೆಯ ಗೋಡೆ ಕಡೆಯ ಬದಿಯಲ್ಲಿ ಹನಿ ಕಟ್ಟಿದರೆ ಗೋಡೆ ಇನ್ನೂ ಒಣಗಿಲ್ಲ. ಆಗ ಮೊದಲು ಹಂಚಿನ ಸೋರಿಕೆ, ಗೋಡೆಗೆ ಒತ್ತಿ ನಿಂತ ಅಂಗಳದ ಮಣ್ಣು ಇವನ್ನು ಸರಿಮಾಡಬೇಕು. ಬಿಳಿ ಉಪ್ಪು ಕಂಡರೆ ಒಣ ಬ್ರಶ್‌ನಿಂದ ಉಜ್ಜಿ ತೆಗೆಯಿರಿ. ತೊಳೆದರೆ ಕರಗಿ ಮತ್ತೆ ಒಳಗೇ ಇಳಿಯುತ್ತದೆ.

ಗೋಡೆಯನ್ನು ಬೆರಳ ಗಂಟಿನಿಂದ ತಟ್ಟಿ. ಪೊಳ್ಳು ಸದ್ದು ಬಂದ ಕಡೆ ಗಟ್ಟಿ ಗಾರೆ ಸಿಗುವವರೆಗೂ ಕಿತ್ತು, ಧೂಳು ಝಾಡಿಸಿ, ನೀರು ಚಿಮುಕಿಸಿ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆ ತುಂಬಬೇಕು. ಒಂದು ಪದರ 10 ಮಿ.ಮೀ. ಮೀರಬಾರದು. ಕಡಲ ದಂಡೆಯ ಮರಳು ಬಿಟ್ಟಿಯಾಗಿ ಸಿಕ್ಕರೂ ಬೇಡ, ಅದರಲ್ಲಿ ಉಪ್ಪಿದೆ. ಸಿಮೆಂಟ್ ತೇಪೆಯೂ ಬೇಡ: ಸುಣ್ಣಕ್ಕಿಂತ ಗಡುಸಾದ ಅದು ತೇವವನ್ನು ಪಕ್ಕಕ್ಕೆ ತಳ್ಳಿ ಸುತ್ತಲಿನ ಗಾರೆಯನ್ನು ಸಡಿಲಿಸುತ್ತದೆ. ತೇಪೆಯನ್ನು ಕೆಲವು ದಿನ ನೀರು ಚಿಮುಕಿಸಿ ಹಸಿಯಾಗಿಡಿ, ಆಮೇಲೆ ವಾರಗಟ್ಟಲೆ ಒಣಗಲು ಬಿಡಿ. ಗುತ್ತಿಗೆಯವರು ಒಪ್ಪದಿರುವುದು ಇಲ್ಲೇ.

ವರ್ಷವರ್ಷವೂ ಬಳಿದ ಸುಣ್ಣದ ಪದರದ ಮೇಲೆ ಪುಟ್ಟಿ ನಿಲ್ಲುವುದಿಲ್ಲ. ಸೆಲ್ಲೋಟೇಪ್ ಒತ್ತಿ ಎಳೆದಾಗ ಬಿಳಿ ಪುಡಿ ಅಂಟಿ ಬಂದರೆ ಒದ್ದೆಮಾಡಿ ಕೆರೆಯಬೇಕು. ಎಣ್ಣೆ ಪೇಂಟನ್ನಂತೂ ಒಣಗಿದ್ದಾಗ ಉಜ್ಜಲೇಬಾರದು. ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಪೇಂಟಿನ ಧೂಳಿನಲ್ಲಿ ಸೀಸ ಇರಬಹುದು. ವಾಟರ್ ಪೇಪರ್ (ನೀರು ಹಾಕಿ ತಿಕ್ಕುವ ಉಜ್ಜುಕಾಗದ) ಬಳಸಿ, ಒದ್ದೆಯಾಗಿಯೇ ತಿಕ್ಕಿ, ಮಕ್ಕಳನ್ನು ದೂರವಿಡಿ.

ಈ ಕೆಲಸಕ್ಕೆಲ್ಲ ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಚೌತಿಗೆ ಏನಾದರೂ ಬಳಿಯಲೇಬೇಕೆಂದಿದ್ದರೆ ಸಡಿಲ ಪದರ ಕೆರೆದು, ಸೋಸಿದ ಸುಣ್ಣವನ್ನು ಹಾಲಿನಷ್ಟು ತೆಳ್ಳಗೆ ಕಲಸಿ ಎರಡು ಕೈ ಬಳಿಯಿರಿ. ಮೊದಲ ಕೈ ಒಣಗುವ ಮುನ್ನ ಎರಡನೆಯದು ಬೇಡ.

– ಪೇಂಟಿಂಗ್ ಮತ್ತು ಗಾರೆ ಕೆಲಸದವರು, ಕುಮಟಾ