ಕದ್ದು ಹೋದ ಕೋವಿ ಲೈಸೆನ್ಸ್: ಗೃಹ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರೇ, ನಮಸ್ಕಾರ.

ನಾನು ಮಲೆನಾಡಿನ ಒಬ್ಬ ಅಡಿಕೆ ಬೆಳೆಗಾರ. ಬೆಳೆ ರಕ್ಷಣೆಗೆಂದು ನಮ್ಮ ಮನೆಯಲ್ಲಿ ಒಂದು ಒಂಟಿನಳಿಗೆ ಕೋವಿ ಇದೆ. ಅಪ್ಪನ ಕಾಲದ್ದು. ಅವರ ನಂತರ ಲೈಸೆನ್ಸ್ ನನ್ನ ಹೆಸರಿಗೆ ಬಂತು. ಆ ಲೈಸೆನ್ಸ್ ಪುಸ್ತಕ ಈಗ ಯಾವ ಕಳ್ಳನ ಮನೆಯಲ್ಲಿದೆಯೋ ಗೊತ್ತಿಲ್ಲ.

ಕೋವಿಗೆ ತೋಟಾ (ಗುಂಡು) ತರಲು ಪೇಟೆಗೆ ಹೋಗಿದ್ದೆ. ಬಸ್ ಹತ್ತುವ ನೂಕುನುಗ್ಗಲಿನಲ್ಲಿ ಹೆಗಲಿನ ಚೀಲಕ್ಕೆ ಬ್ಲೇಡ್ ಹಾಕಿದ್ದಾರೆ. ಗೇಣುದ್ದದ ಗೀರು, ದರ್ಜಿ ಕತ್ತರಿಸಿದಷ್ಟು ನೀಟು. ಪರ್ಸು ಹೋಯಿತು, ಅದರ ಪಕ್ಕದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದ ಲೈಸೆನ್ಸ್ ಪುಸ್ತಕವೂ ಹೋಯಿತು. ಟಾರ್ಚಿಗೆ ಅಂತ ಕೊಂಡಿದ್ದ ಸೆಲ್ಲುಗಳನ್ನು ಮಾತ್ರ ಬಿಟ್ಟಿದ್ದರು.

ಬ್ಯಾಂಕಿನ ಕಾರ್ಡು ಒಂದು ಫೋನಿನಲ್ಲಿ ಬಂದ್ ಆಯಿತು, ಹೊಸದು ಅಂಚೆಯಲ್ಲಿ ಬಂತು. ಡಿಎಲ್, ಆಧಾರ್ ಕೂಡ ಹೇಗೋ ಆದವು. ಕಷ್ಟ ಶುರುವಾಗಿದ್ದು ಲೈಸೆನ್ಸ್ ವಿಷಯದಲ್ಲಿ.

ಠಾಣೆಯಲ್ಲಿ ಕುಳಿತಿದ್ದವರು ಒಳ್ಳೆಯವರೇ. ಕೂರಿಸಿ, ನೀರು ಕೊಟ್ಟು, ಹೇಳಿದ್ದು ಇಷ್ಟು: "ಕಳೆದುಹೋಯ್ತು ಅಂತ ಬರೆದುಬಿಡಿ ಸಾರ್. ಇ-ಲಾಸ್ಟ್‌ನಲ್ಲಿ ಹಾಕಿದ್ರೆ ಈಗಲೇ ರಸೀದಿ ಬರುತ್ತೆ. ಕಳ್ಳತನ ಅಂದ್ರೆ ಸುಮ್ನೆ ನಿಮಗೂ ಓಡಾಟ." ಕೊಯ್ದ ಚೀಲ ಅವರ ಮೇಜಿನ ಮೇಲೇ ಇತ್ತು! ಇ-ಲಾಸ್ಟ್ ಅನ್ನುವ ಪೊಲೀಸರ ಆನ್‌ಲೈನ್ ವ್ಯವಸ್ಥೆ ಇರುವುದು ಕಳೆದುಕೊಂಡ ವಸ್ತುಗಳಿಗೆ, ಕದ್ದ ವಸ್ತುಗಳಿಗಲ್ಲ. ಕಳುವಾದದ್ದನ್ನು ಕಳೆದುಕೊಂಡೆ ಅಂತ ನಾನೇ ಸಹಿ ಹಾಕಿ ಕೊಟ್ಟರೆ, ನಾಳೆ ಆ ಪುಸ್ತಕ ಬೇರೆ ಯಾರದ್ದೋ ಕೈಯಲ್ಲಿ ಸಿಕ್ಕಾಗ ಉತ್ತರ ಕೊಡಬೇಕಾದವನು ನಾನು, ಅಲ್ವಾ?

ಪಟ್ಟು ಹಿಡಿದಾಗ ಇನ್ನೊಂದು ಮಾತು ಬಂತು. ಪರ್ಸಿನಲ್ಲಿದ್ದ ಹಣ ಸಾವಿರದ ಚಿಲ್ಲರೆ, ಐದು ಸಾವಿರದ ಒಳಗಿನದ್ದು ಎಫ್‌ಐಆರ್ ಕೇಸಲ್ಲ ಅಂತ. ಆಮೇಲೆ ನಾನೂ ಓದಿ ನೋಡಿದೆ. 2024ರ ಜುಲೈ 1ರಿಂದ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಲ್ಲಿ ಇಂಥದ್ದೊಂದು ರಿಯಾಯಿತಿ ಇರುವುದು ನಿಜ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲು, ಮೊದಲ ಸಲ ಶಿಕ್ಷೆಯಾಗುತ್ತಿರುವ ಆರೋಪಿ, ಮಾಲನ್ನೋ ಅದರ ಬೆಲೆಯನ್ನೋ ವಾಪಸ್ ಕೊಟ್ಟರೆ ಸಮುದಾಯ ಸೇವೆಯ ಶಿಕ್ಷೆ. ಇಂಥ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಮಾಡುವ ಹಾಗಿಲ್ಲ. ಸರಿ. ಆದರೆ ಕಳ್ಳ ಯಾರು ಅಂತಲೇ ಗೊತ್ತಿಲ್ಲದಾಗ, ಅವನಿಗೆ ಇದು ಮೊದಲ ಸಲವೋ ಹತ್ತನೇ ಸಲವೋ ಅಂತ ಠಾಣೆಗೆ ಹೇಗೆ ಗೊತ್ತಾಯಿತು? ಕೋವಿ ಲೈಸೆನ್ಸಿಗೆ ಬೆಲೆ ಕಟ್ಟಿದವರು ಯಾರು? ನೋಟಿನ ಲೆಕ್ಕ ಹಾಕಿದರು, ಪುಸ್ತಕದ ಲೆಕ್ಕ ಬಿಟ್ಟರು.

ಕೊನೆಗೆ ದೂರನ್ನು ಬರೆದು, ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿದ ಮೇಲೆ ಎಫ್‌ಐಆರ್ ಆಯಿತು. ಪೊಲೀಸ್ ತನಿಖೆ, ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲೇ ಆ ದಾರಿ ಇದೆ. ಅದನ್ನು ಹುಡುಕಿಕೊಳ್ಳುವ ವ್ಯವಧಾನ ಎಷ್ಟು ಜನ ರೈತರಿಗಿದೆ?

ಅಲ್ಲಿಂದ ನಕಲು (ಡುಪ್ಲಿಕೇಟ್) ಪುಸ್ತಕಕ್ಕಾಗಿ ಅರ್ಜಿ ಡಿಸಿ ಕಚೇರಿಗೆ. ಅವರು ಎಸ್‌ಪಿ ಕಚೇರಿಯ ವರದಿ ಕೇಳಿದರು. ಎಸ್‌ಪಿ ಕಚೇರಿಯವರು ಅದೇ ಠಾಣೆಯನ್ನು ಕೇಳಿದರು. ಕಡತ ಹೀಗೆ ಸುತ್ತುತ್ತಿರುವಾಗ ಕೋವಿ ಮನೆಯ ಗೋಡೆಗೆ ಒರಗಿಕೊಂಡಿದೆ. ಪುಸ್ತಕ ತೋರಿಸದೆ ಅಂಗಡಿಯಲ್ಲಿ ತೋಟಾ ಕೊಡುವುದಿಲ್ಲ. ಕೊಡಬಾರದು ಕೂಡ. ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೊರಟರೆ, ದಾರಿಯಲ್ಲಿ ಪೊಲೀಸರು ಲೈಸೆನ್ಸ್ ಕೇಳಬಹುದು, ತೋರಿಸದಿದ್ದರೆ ಕೋವಿ ವಶಕ್ಕೆ ಪಡೆಯಬಹುದು. 1959ರ ಆಯುಧ ಕಾಯ್ದೆಯ 19ನೇ ಕಲಮು ಅದು. ಪುಸ್ತಕ ಕಳುವಾದರೆ ಲೈಸೆನ್ಸೇ ರದ್ದಾಗುವುದಿಲ್ಲ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಕತ್ತಲಲ್ಲಿ ಟಾರ್ಚ್ ಬಿಟ್ಟು ನಿಲ್ಲಿಸುವ ಕಾನ್‌ಸ್ಟೇಬಲ್‌ಗೆ ಅದನ್ನು ಏನು ತೋರಿಸಿ ನಂಬಿಸಲಿ? ಹಂದಿಗಳಿಗಂತೂ ಈ ಕಡತದ ಗೊಡವೆಯೇ ಇಲ್ಲ. ಬಾಳೆ ಬುಡ ಅಗೆದು, ಈ ವರ್ಷ ನೆಟ್ಟ ಅಡಿಕೆ ಸಸಿಗಳನ್ನೂ ಮಗುಚಿ ಹಾಕಿವೆ. ಆಕಾಶಕ್ಕೆ ಒಂದು ಈಡು ಹಾರಿಸಿದರೆ ಓಡುತ್ತಿದ್ದವು. ಈಗ ತಗಡು ಬಡಿಯುತ್ತಿದ್ದೇವೆ.

ಸಾರ್, ನನ್ನ ಲೈಸೆನ್ಸಿಗೆ ಯುಐಎನ್ ಅನ್ನುವ ವಿಶಿಷ್ಟ ಗುರುತಿನ ಸಂಖ್ಯೆ ಇದೆ. ದೇಶದ ಆಯುಧ ಲೈಸೆನ್ಸುಗಳ ದತ್ತಾಂಶದಲ್ಲಿ ಅದು ದಾಖಲಾಗಿದೆ. ಆ ಸಂಖ್ಯೆ ಇಲ್ಲದ ಲೈಸೆನ್ಸ್ ನಡೆಯುವುದಿಲ್ಲ ಅಂತ ನಮ್ಮಿಂದ ಜೆರಾಕ್ಸುಗಳನ್ನು ತರಿಸಿಕೊಂಡು ದಾಖಲು ಮಾಡಿದ್ದು ಸರ್ಕಾರವೇ. ಹಾಗಿದ್ದಮೇಲೆ ಎಫ್‌ಐಆರ್ ಪ್ರತಿ ತಂದವರಿಗೆ, ಆ ದಾಖಲೆ ನೋಡಿ, ಫೋಟೋ ಅಂಟಿಸಿ ಮೊಹರು ಹಾಕಿದ ಒಂದು ಹಾಳೆ ಕೊಡಲು ಏನು ಅಡ್ಡಿ? ನಕಲು ಪುಸ್ತಕ ಬರುವವರೆಗೆ ಅದು ನಡೆಯಲಿ. ಬೇಕಿದ್ದರೆ ಅದರ ಮೇಲೆ ತೋಟಾ ಕೊಡಬೇಡಿ, ಕೋವಿ ಮನೆಯಲ್ಲಿರುವುದಕ್ಕಾದರೂ ಒಂದು ಕಾಗದ ಇರಲಿ. ಕಾಯ್ದೆ ಕೇಂದ್ರದ್ದು, ನಿಜ. ಆದರೆ ಜಿಲ್ಲೆಯಲ್ಲಿ ಲೈಸೆನ್ಸ್ ಕೊಡುವುದು ಡಿಸಿ, ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸ್ ಕಮಿಷನರ್. ಇಬ್ಬರೂ ನಿಮ್ಮ ಸರ್ಕಾರದವರೇ.

ಠಾಣೆಗಳಿಗೆ ಒಂದು ಸುತ್ತೋಲೆಯೂ ಬೇಕು. ಆಯುಧ ಲೈಸೆನ್ಸ್ ಕಳುವಾಗಿದೆ ಅಂತ ಯಾರೇ ಬಂದರೂ ಪರ್ಸಿನ ಹಣ ಎಣಿಸದೆ ಕಳ್ಳತನ ಅಂತಲೇ ಬರೆದುಕೊಳ್ಳಲಿ. ಅದೇ ದಿನ ಜಿಲ್ಲೆಯ ತೋಟಾ ಅಂಗಡಿಗಳಿಗೆ ಆ ಲೈಸೆನ್ಸಿನ ನಂಬರ್ ತಿಳಿಸಲಿ. ನನ್ನ ಪುಸ್ತಕದ ವಿಷಯದಲ್ಲಿ ಅಂಗಡಿಯವರಿಗೆ ಫೋನ್ ಮಾಡಿ ಹೇಳಿದವನು ನಾನೇ. "ಪೊಲೀಸರಿಂದ ಏನೂ ಬಂದಿಲ್ವಲ್ಲ" ಅಂದರು.

ಇತಿ,
ಮಲೆನಾಡಿನ ಒಬ್ಬ ಬೆಳೆಗಾರ