ನಮ್ಮ ಟೆಂಟ್ ತೊಗರಿ ಹೊಲಕ್ಕೆ ಹೋಯಿತು: ಶಾಲೆಯ ಸ್ಕೌಟ್ಸ್ ಗೈಡ್ಸ್ ಮಕ್ಕಳಿಗಾಗಿ ಒಂದು ಮನವಿ

ಊರಿನ ಹಿರಿಯರಿಗೆ, ಹಳೆ ವಿದ್ಯಾರ್ಥಿಗಳಿಗೆ, ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿನಲ್ಲಿ ದುಡಿಯುತ್ತಿರುವ ನಮ್ಮವರೆಲ್ಲರಿಗೆ ಶರಣು ಶರಣಾರ್ಥಿ.

ಹೋದ ಜನವರಿಯಲ್ಲಿ ನಮ್ಮ ಶಾಲೆಯ ಮೈದಾನದಲ್ಲಿ ಮಕ್ಕಳ ಎರಡು ರಾತ್ರಿಯ ಶಿಬಿರ ಇಟ್ಟಿದ್ದೆವು. ಟೆಂಟ್ ಅಂತ ಹೇಳಿಕೊಳ್ಳುವಂಥದ್ದು ನಮ್ಮ ಹತ್ತಿರ ಒಂದೂ ಇಲ್ಲ. ಊರಿನ ರೈತರೊಬ್ಬರು ಮೂರು ತಾಡಪತ್ರಿ ಕೊಟ್ಟಿದ್ದರು. ಮಕ್ಕಳು ಲಾಠಿ ನೆಟ್ಟು, ಹಗ್ಗ ಬಿಗಿದು, ಅವುಗಳಲ್ಲೇ ಟೆಂಟ್ ಮಾಡಿಕೊಂಡರು. ಎರಡನೇ ದಿನ ಮಧ್ಯಾಹ್ನ ಆ ರೈತರು ಟ್ರ್ಯಾಕ್ಟರ್ ತಗೊಂಡು ಬಂದು ನಿಂತರು. ಮುಖ ಸಣ್ಣದಾಗಿತ್ತು. "ಸರ್, ಮಾಡ ಆಗ್ಯಾದ. ತೊಗರಿ ರಾಶಿ ಬಯಲಾಗ ಅದ. ತಾಡಪತ್ರಿ ಬೇಕಾಗ್ಯಾದ್ರಿ" ಅಂದರು.

ಅವರದು ತಪ್ಪಲ್ಲ. ವರ್ಷದ ದುಡಿಮೆ ನೆನೆಯಲಿ ಅಂತ ಯಾರು ಬಿಡುತ್ತಾರೆ? ಮಕ್ಕಳು ತಾವೇ ಗಂಟು ಬಿಚ್ಚಿದರು, ತಾಡಪತ್ರಿ ಮಡಚಿದರು, ಟ್ರ್ಯಾಕ್ಟರಿಗೆ ಏರಿಸಿದರು. ರೈತರು ಒಂದು ಹಗ್ಗದ ತುದಿ ಹಿಡಿದು ನೋಡಿ, "ಗಂಟು ಛಲೋ ಹಾಕ್ಯಾರ, ಎಳೆದ್ರ ಬಿಗೀತದ, ಬಿಚ್ಚಿದ್ರ ಒಂದೇ ಸಲಕ್ಕ ಬಿಚ್ತದ" ಅಂದರು. ಆ ರಾತ್ರಿ ಮಕ್ಕಳು ಶಾಲೆಯ ಪಡಸಾಲೆಯಲ್ಲಿ ಸಾಲಾಗಿ ಮಲಗಿದರು. ಮಳೆ ಮಾತ್ರ ಬರಲಿಲ್ಲ, ಬಿಡಿ.

ಈ ಮನವಿ ಬರೆಯಲು ಕೂತಿದ್ದು ಆ ರಾತ್ರಿಯಿಂದಲೇ. ನಾನು ಇಲ್ಲಿ ಗಣಿತ ಕಲಿಸುವವನು. ಸಂಜೆ ನಾಲ್ಕೂವರೆ ಆದ ಮೇಲೆ ಸ್ಕೌಟ್ ಮಾಸ್ಟರ್. ಹುಡುಗಿಯರ ಗೈಡ್ ಕಂಪನಿಯನ್ನು ನಮ್ಮ ವಿಜ್ಞಾನದ ಮೇಡಂ ನೋಡಿಕೊಳ್ಳುತ್ತಾರೆ. ಶಾಲೆಗೆ ಬೆನ್ನೆಲುಬಾಗಿ ನಿಂತಿರುವ ಊರಿನ ಟ್ರಸ್ಟಿನವರು "ಮನವಿ ನೀವೇ ಬರೀರಿ, ನಿಮಗೆ ಗೊತ್ತು" ಅಂದರು. ಹಾಗಾಗಿ ನನ್ನ ಭಾಷೆಯಲ್ಲೇ ಬರೆಯುತ್ತಿದ್ದೇನೆ.

ದೇಣಿಗೆ ಕೇಳಲು ಹೋದಾಗ ಮೊದಲು ಬರುವ ಪ್ರಶ್ನೆ ಇದು: "ಇದು ಎನ್‌ಸಿಸಿ ಅಲ್ವಾ? ಸರ್ಕಾರನೇ ಎಲ್ಲ ಕೊಡ್ತದಲ್ಲ?" ಅಲ್ಲ. ಎನ್‌ಸಿಸಿ ಶುರುವಾಗಿದ್ದು 1948ರಲ್ಲಿ, ಅದು ರಕ್ಷಣಾ ಸಚಿವಾಲಯದ ಕೆಳಗೆ ಬರುತ್ತದೆ. ನಮ್ಮದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್. ಇದು ಸರ್ಕಾರಿ ಇಲಾಖೆ ಅಲ್ಲ, ಸ್ವಯಂಸೇವಕರಿಂದ ನಡೆಯುವ ನೋಂದಾಯಿತ ಸಂಸ್ಥೆ. ಸರ್ಕಾರದ ಬೆಂಬಲ ಇದೆ, ನಿಜ. ಆದರೆ ನಮ್ಮಂಥ ಹಳ್ಳಿ ಶಾಲೆಯ ದಳಕ್ಕೆ ದೆಹಲಿಯಿಂದ ಟೆಂಟ್ ಬರುವುದಿಲ್ಲ. ಸುಳ್ಳು ಯಾಕೆ, ದುಡ್ಡು ಇಲ್ಲಿಂದಲೇ ಮೇಲಕ್ಕೆ ಹೋಗುತ್ತದೆ. ಪ್ರತಿ ವರ್ಷ ದಳದ ನೋಂದಣಿ ನವೀಕರಿಸಬೇಕು, ಅದಕ್ಕೆ ಶುಲ್ಕ ಇದೆ.

ಈ ಸಂಸ್ಥೆ ಹೇಗೆ ನಡೆಯುತ್ತದೆ ಅನ್ನುವುದನ್ನು ಸ್ವಲ್ಪ ಹೇಳುತ್ತೇನೆ. ನೀವು ಕೊಡುವ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ನಿಮಗೂ ಗೊತ್ತಿರಬೇಕು. ದೇಶದ ರಾಷ್ಟ್ರಪತಿಗಳು ಇದರ ಪೋಷಕರು. ದೆಹಲಿಯಲ್ಲಿ ರಾಷ್ಟ್ರೀಯ ಕೇಂದ್ರ ಕಚೇರಿ, ಅಲ್ಲಿ ಮುಖ್ಯ ರಾಷ್ಟ್ರೀಯ ಆಯುಕ್ತರು. ಮಧ್ಯಪ್ರದೇಶದ ಪಚಮಢಿಯಲ್ಲಿ ರಾಷ್ಟ್ರೀಯ ತರಬೇತಿ ಕೇಂದ್ರ. ನಮ್ಮ ರಾಜ್ಯದ ಕಚೇರಿ ಬೆಂಗಳೂರಿನ ಅರಮನೆ ರಸ್ತೆಯಲ್ಲಿದೆ. ಪಿ.ಜಿ.ಆರ್. ಸಿಂಧ್ಯಾ ಅವರು ರಾಜ್ಯ ಮುಖ್ಯ ಆಯುಕ್ತರಾಗಿದ್ದಾಗಲೇ 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ, ಅಂದರೆ ಸ್ಕೌಟ್ಸ್ ಗೈಡ್ಸ್ ಮಕ್ಕಳ ದೊಡ್ಡ ಮೇಳ, ನಡೆದದ್ದು. ರಾಜ್ಯದ ಕೆಳಗೆ ಜಿಲ್ಲಾ ಸಂಸ್ಥೆ, ಅದರ ಕೆಳಗೆ ಸ್ಥಳೀಯ ಸಂಸ್ಥೆ. ಹೆಸರುಗಳು ದೊಡ್ಡವು, ಕುರ್ಚಿಗಳೂ ಬಹಳ. ಇಷ್ಟು ಸಾಕು.

ನಿಜವಾದ ಕೆಲಸ ನಡೆಯುವುದು ಇವೆಲ್ಲದರ ಬುಡದಲ್ಲಿ, ಎಂಟು ಮಕ್ಕಳ ಒಂದು ಗುಂಪಿನಲ್ಲಿ. ಅದಕ್ಕೆ ಪೆಟ್ರೋಲ್ ಅನ್ನುತ್ತಾರೆ. ಬಂಕಿನದಲ್ಲ! ಆರರಿಂದ ಎಂಟು ಮಕ್ಕಳು, ಅವರಲ್ಲೇ ಒಬ್ಬ ಲೀಡರ್, ಒಬ್ಬ ಸೆಕೆಂಡ್. ಹುಡುಗರ ಪೆಟ್ರೋಲ್‌ಗಳಿಗೆ ಪ್ರಾಣಿ, ಪಕ್ಷಿಗಳ ಹೆಸರು, ಹುಡುಗಿಯರವಕ್ಕೆ ಹೂವಿನ ಹೆಸರು. ನಮ್ಮಲ್ಲಿ ಹುಲಿ, ಗರುಡ, ನವಿಲು ಅಂತ ಹುಡುಗರ ಮೂರು ಗುಂಪು, ಮಲ್ಲಿಗೆ, ಕಮಲ ಅಂತ ಹುಡುಗಿಯರ ಎರಡು. ಒಟ್ಟು 40 ಮಕ್ಕಳು. ಹತ್ತು ವರ್ಷ ತುಂಬಿದವರು ಸ್ಕೌಟ್, ಗೈಡ್. ಅದಕ್ಕಿಂತ ಚಿಕ್ಕವರು ಕಬ್, ಬುಲ್‌ಬುಲ್. ಕಾಲೇಜು ವಯಸ್ಸಿನವರು ರೋವರ್, ರೇಂಜರ್. ಅವೆರಡೂ ನಮ್ಮಲ್ಲಿ ಇನ್ನೂ ಶುರುವಾಗಿಲ್ಲ.

ಪೆಟ್ರೋಲ್ ಲೀಡರ್‌ಗಳೆಲ್ಲ ಸೇರಿ ಕೂರುವ ಸಭೆಗೆ ಕೋರ್ಟ್ ಆಫ್ ಆನರ್ ಅಂತ ಹೆಸರು. ಶಿಬಿರ ಯಾವಾಗ, ತಪ್ಪು ಮಾಡಿದವನಿಗೆ ಏನು, ದಳದ ದುಡ್ಡು ಯಾವುದಕ್ಕೆ ಅನ್ನುವುದನ್ನೆಲ್ಲ ಮಕ್ಕಳೇ ಅಲ್ಲಿ ತೀರ್ಮಾನಿಸುತ್ತಾರೆ. ಮೇಷ್ಟ್ರು ಪಕ್ಕದಲ್ಲಿ ಕೂರಬಹುದು, ಸಲಹೆ ಕೊಡಬಹುದು, ಅಷ್ಟೇ. ನನಗೆ ಈ ಇಡೀ ಸಂಸ್ಥೆಯಲ್ಲಿ ಇಷ್ಟವಾದದ್ದು ಇದೊಂದು. ನಮ್ಮ ಕಡೆ ಮಕ್ಕಳನ್ನು ಕೂರಿಸಿಕೊಂಡು "ದುಡ್ಡು ಹೇಗೆ ಖರ್ಚು ಮಾಡೋಣ?" ಅಂತ ಕೇಳುವವರು ಯಾರಿದ್ದಾರೆ ಹೇಳಿ.

ಹಾಗಾಗಿ ಈ ಮನವಿಯಲ್ಲಿ ಏನು ಕೇಳಬೇಕು ಅನ್ನುವುದನ್ನು ನಾನು ತೀರ್ಮಾನಿಸಿಲ್ಲ. ಹುಡುಗರ ಕೋರ್ಟು, ಹುಡುಗಿಯರ ಕೋರ್ಟು ಬೇರೆ ಬೇರೆ. ಇದು ಇಬ್ಬರ ವಿಷಯ ಆದ್ದರಿಂದ ಒಂದು ಶನಿವಾರ ಬೇವಿನ ಮರದ ಕೆಳಗೆ ಒಟ್ಟಿಗೆ ಕೂರಿಸಿದೆವು. ಹುಲಿ ಲೀಡರ್ ಎದ್ದು "ಎಲ್ಲರಿಗೂ ಬೂಟ್ ಬೇಕು" ಅಂದ. ಮಲ್ಲಿಗೆ ಲೀಡರ್ ಕೇಳಿದಳು: "ನಿನ್ನ ಕಾಲು ಮುಂದಿನ ವರ್ಷಕ್ಕ ಬೆಳೀತದಲ್ಲ, ಬೂಟ್ ಬೆಳೀತದೇನು? ಟೆಂಟ್ ಆದ್ರ ನನ್ನ ತಂಗಿನೂ ಮಲಗ್ತಾಳ." ಅವನಿಗೆ ಮಾತು ಹೊರಡಲಿಲ್ಲ. ಬೂಟ್ ಪಟ್ಟಿಯ ಕೊನೆಗೆ ಹೋಯಿತು, ಆಮೇಲೆ ಪಟ್ಟಿಯಿಂದಲೇ ಹೋಯಿತು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ ಮಾತ್ರ ಯಾರೂ ಬೇಡ ಅನ್ನಲಿಲ್ಲ. ಅದಕ್ಕೆ ಕಾರಣ ಇದೆ.

ಹಿಂದಿನ ಮಳೆಗಾಲದಲ್ಲಿ ಐದನೇ ಕ್ಲಾಸಿನ ಹುಡುಗನೊಬ್ಬ ಕಾಂಪೌಂಡ್ ಗೋಡೆಯಿಂದ ಬಿದ್ದ. ಕೈ ಮುರಿದಿತ್ತು. ನಾನು ಓಡಿ ಬರುವಷ್ಟರಲ್ಲಿ ಕಮಲ ಗುಂಪಿನ ಹುಡುಗಿಯೊಬ್ಬಳು ತನ್ನ ಕೊರಳಿನ ಸ್ಕಾರ್ಫ್ ಬಿಚ್ಚಿದ್ದಳು. ಅದು ಮೂರು ಮೂಲೆಯ ಬಟ್ಟೆ. ಉದ್ದ ಅಂಚನ್ನು ಅವನ ಎದೆಯ ಮೇಲೆ ಉದ್ದಕ್ಕೆ ಇಳಿಬಿಟ್ಟು, ಮುರಿದ ಕೈಯನ್ನು ನಿಧಾನಕ್ಕೆ ಅದರ ಮೇಲಿಟ್ಟು, ಕೆಳಗಿನ ತುದಿಯನ್ನು ಮೇಲಕ್ಕೆ ತಂದು, ಭುಜದ ಹತ್ತಿರ ರೀಫ್ ನಾಟ್ ಹಾಕಿದಳು. ಗಂಟು ಕುತ್ತಿಗೆಯ ಮೂಳೆಗೆ ಒತ್ತದ ಹಾಗೆ ಪಕ್ಕಕ್ಕೆ ಸರಿಸಿದಳು. ಅದೊಂದು ಕಲಿಸಲು ನನಗೆ ಮೂರು ವಾರ ಹಿಡಿದಿತ್ತು. ಆಟೊದಲ್ಲಿ ಅಫಜಲಪುರದವರೆಗೆ ಅವನ ಕೈ ಅಲುಗಲಿಲ್ಲ. ಸ್ಕಾರ್ಫ್ ವಾಪಸ್ ಬಂದಿದ್ದು ಎಂಟು ದಿನಕ್ಕೆ. ಅವನ ಅಜ್ಜಿ ತರಚು ಗಾಯಕ್ಕೆ ಅರಿಶಿನ ಹಚ್ಚಿದ್ದರಂತೆ, ತೊಳೆದರೂ ಹಳದಿ ಕಲೆ ಹೋಗಿರಲಿಲ್ಲ. ಹೊಸದು ಕೊಡಿಸುತ್ತೇನೆ ಅಂದರೆ ಹುಡುಗಿ ಒಪ್ಪುತ್ತಿಲ್ಲ.

ನಮ್ಮ ಭಾಗದಲ್ಲಿ ಇಂಥ ಮಕ್ಕಳ ಕೆಲಸ ಜಾಸ್ತಿಯೇ ಇದೆ. ಭೀಮೆ 2020ರ ಅಕ್ಟೋಬರಿನಲ್ಲಿ ಉಕ್ಕಿದ್ದನ್ನು ಅಫಜಲಪುರ ತಾಲೂಕಿನವರು ಯಾರೂ ಮರೆತಿಲ್ಲ. ಹುಣ್ಣಿಮೆಗೆ ದೇವಲ ಗಾಣಗಾಪುರಕ್ಕೆ ಜನ ಬರುತ್ತಾರೆ, ಭೀಮಾ-ಅಮರ್ಜಾ ಸಂಗಮದಲ್ಲಿ ಮೀಯುತ್ತಾರೆ, ಆ ನೂಕುನುಗ್ಗಲಿನಲ್ಲಿ ಮಕ್ಕಳು ಕಳೆದುಹೋಗುತ್ತಾರೆ. ನಮ್ಮ ಮಕ್ಕಳು ಅಲ್ಲಿ ಎರಡು ಸಲ ಸೇವೆಗೆ ಹೋಗಿದ್ದಾರೆ. ನೀರು ಕೊಡುವುದು, ಮುದುಕರ ಕೈ ಹಿಡಿದು ಮೆಟ್ಟಿಲು ಇಳಿಸುವುದು, ಅಳುವ ಮಗುವಿನ ಪಕ್ಕ ಕೂರುವುದು. ದೊಡ್ಡ ಕೆಲಸ ಏನಲ್ಲ. ಆದರೆ ಇವರಲ್ಲಿ ಎಷ್ಟೋ ಮಕ್ಕಳ ಅಪ್ಪ ಅಮ್ಮ ಗುಳೆ ಹೋಗಿದ್ದಾರೆ. ಅಜ್ಜಿ ಮನೆಯಲ್ಲಿ ಬೆಳೆಯುವ ಮಗು ಇನ್ನೊಬ್ಬರ ಮಗುವನ್ನು ಸಮಾಧಾನ ಮಾಡುವುದನ್ನು ನೋಡಿದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ.

ಪಾಲಕರ ಪ್ರಶ್ನೆ ಬೇರೆ: "ಇದರಿಂದ ನೌಕ್ರಿ ಸಿಗ್ತದೇನ್ರಿ?" ನೇರವಾಗಿ ಹೇಳುತ್ತೇನೆ. ರೈಲ್ವೆಯಲ್ಲಿ ಸ್ಕೌಟ್ಸ್ ಗೈಡ್ಸ್ ಕೋಟಾ ಇದೆ. ಆದರೆ ಅಲ್ಲಿಗೆ ಮುಟ್ಟಲು ಮೆಟ್ಟಿಲು ಹತ್ತಬೇಕು. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ, ತೃತೀಯ, ಆಮೇಲೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ನಮ್ಮ ಮಕ್ಕಳು ಹೆಚ್ಚಿನವರು ದ್ವಿತೀಯದಲ್ಲೇ ನಿಂತಿದ್ದಾರೆ. ಬುದ್ಧಿ ಇಲ್ಲ ಅಂತಲ್ಲ. ಮುಂದಿನ ಪರೀಕ್ಷೆ, ಶಿಬಿರಗಳು ದೂರದ ಊರಲ್ಲಿ ನಡೆಯುತ್ತವೆ. ಹರಿಹರದ ಹತ್ತಿರದ ಕೊಂಡಜ್ಜಿಗೋ ದೊಡ್ಡಬಳ್ಳಾಪುರಕ್ಕೋ ಹೋಗುವುದೆಂದರೆ ಬಸ್ ಚಾರ್ಜ್, ಸಮವಸ್ತ್ರ, ಊಟ. ಕೂಲಿ ಮಾಡುವ ಮನೆಗೆ ಅದು ಸಣ್ಣ ಮಾತಲ್ಲ.

ಕಳೆದ ತರಬೇತಿಯಲ್ಲಿ ಒಬ್ಬ ಹುಡುಗ ಕೇಳಿದ, "ಸರ್, ಇದು ಇಂಗ್ಲಿಷರದ್ದಲ್ಲ?" ಹುಟ್ಟಿದ್ದು ಅಲ್ಲೇ. 1907ರಲ್ಲಿ ಬೇಡನ್ ಪೊವೆಲ್ ಅನ್ನುವ ಸೇನಾಧಿಕಾರಿ ಬ್ರೌನ್‌ಸೀ ದ್ವೀಪದಲ್ಲಿ 20 ಹುಡುಗರನ್ನು ಕಟ್ಟಿಕೊಂಡು ಶಿಬಿರ ಮಾಡಿದ. ಎರಡೇ ವರ್ಷಕ್ಕೆ, 1909ರಲ್ಲಿ, ನಮ್ಮ ದೇಶದ ಮೊದಲ ದಳ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಶುರುವಾಯಿತು. ಆಗ ಭಾರತದ ಮಕ್ಕಳಿಗೆ ಅದರೊಳಗೆ ಜಾಗ ಇರಲಿಲ್ಲ. ಆನಿ ಬೆಸೆಂಟ್, ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು ಇವರೆಲ್ಲ ನಮ್ಮ ಮಕ್ಕಳಿಗಾಗಿ ಬೇರೆ ಸ್ಕೌಟ್ ಸಂಘಗಳನ್ನು ಕಟ್ಟಿದರು. ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು ಎಲ್ಲ ಸೇರಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. ಮರುವರ್ಷ ಹುಡುಗಿಯರ ಸಂಘವೂ ಬಂದು ಸೇರಿತು. "ಹಂಗಾದ್ರ ಒಳಗ ಬಿಡಲಿಲ್ಲ ಅಂತ ನಾವೇ ಮನಿ ಕಟ್ಟಿಕೊಂಡ್ವಿ" ಅಂದ ಹುಡುಗ. ನಾನು ಹೇಳಿದ್ದಕ್ಕಿಂತ ಚೊಕ್ಕ.

ಈಗ ಲೆಕ್ಕ. ಮಕ್ಕಳ ಕೋರ್ಟು ಒಪ್ಪಿದ ಪಟ್ಟಿ ಹೀಗಿದೆ. ನಾಲ್ಕು ಟೆಂಟ್‌ಗೆ ₹28,000. ಹಗ್ಗ, ಲಾಠಿ, ಪ್ರಥಮ ಚಿಕಿತ್ಸೆಯ ಎರಡು ಪೆಟ್ಟಿಗೆಗೆ ₹6,500. ಸಮವಸ್ತ್ರ ಇಲ್ಲದ 14 ಮಕ್ಕಳಿಗೆ ತಲಾ ₹1,600ರಂತೆ ₹22,400. ಮುಂದಿನ ಶಿಬಿರದ ಪ್ರಯಾಣ, ಊಟಕ್ಕೆ ₹18,000. ಒಟ್ಟು ₹74,900. ಇದರಲ್ಲಿ ₹2,340 ಮಕ್ಕಳೇ ದುಡಿದದ್ದು ಕೈಯಲ್ಲಿದೆ. ಉಳಿದ ₹72,560 ನಿಮ್ಮಿಂದ ಬೇಕು.

₹100 ಕೊಟ್ಟರೂ ರಸೀದಿ ಕೊಡುತ್ತೇವೆ. ಹಣ ಟ್ರಸ್ಟಿನ ಖಾತೆಗೆ ಬರುತ್ತದೆ, ಖಾತೆಯ ವಿವರ ಶಾಲೆಯ ಆಫೀಸಿನಲ್ಲೂ ನೋಟಿಸ್ ಬೋರ್ಡಿನಲ್ಲೂ ಇದೆ. ಖರ್ಚಿನ ಲೆಕ್ಕ ಪ್ರತಿ ತಿಂಗಳು ಮಲ್ಲಿಗೆ ಲೀಡರ್ ಬರೆದು ಅದೇ ಬೋರ್ಡಿಗೆ ಹಚ್ಚುತ್ತಾಳೆ. ಅವಳ ಅಕ್ಷರ ನನ್ನದಕ್ಕಿಂತ ದುಂಡಗಿದೆ. ದೇಣಿಗೆಗೆ ತೆರಿಗೆ ವಿನಾಯಿತಿ ಕೊಡಿಸುವ ಮಾನ್ಯತೆ ಟ್ರಸ್ಟಿಗೆ ಇನ್ನೂ ಸಿಕ್ಕಿಲ್ಲ, ವಿನಾಯಿತಿ ಸಿಗುವುದಿಲ್ಲ ಅಂತ ಮೊದಲೇ ಹೇಳಿಬಿಡುತ್ತೇವೆ. ದುಡ್ಡು ಬೇಡ, ಸಾಮಾನು ಕೊಡುತ್ತೇವೆ ಅಂದರೂ ಆಗಬಹುದು. ಹಳೇ ತಾಡಪತ್ರಿ ಕೂಡ ನಡೆಯುತ್ತದೆ, ರಾಶಿ ಹೊತ್ತಿಗೆ ವಾಪಸ್ ಕೇಳಬಾರದು, ಅಷ್ಟೇ!

ಒಂದು ಷರತ್ತು. ಒಬ್ಬರು "ನಾಲ್ಕೂ ಟೆಂಟ್ ನಾನೇ ಕೊಡಿಸ್ತೀನಿ, ನಮ್ಮ ಪ್ರಚಾರ ಸಭೆಗೆ ಮಕ್ಕಳನ್ನು ಡ್ರೆಸ್ಸಿನಲ್ಲಿ ಕಳಿಸಿ" ಅಂದರು. ನಾವು ಬೇಡ ಅಂದೆವು. ಈ ಸಂಸ್ಥೆ ರಾಜಕೀಯದಿಂದ ದೂರ, ಅದು ಅದರ ಮೂಲ ನಿಯಮ. ಟೆಂಟ್ ಮೇಲೆ ದಾನಿಗಳ ಹೆಸರನ್ನೂ ಬರೆಸುವುದಿಲ್ಲ.

ಬೇಡುವುದಕ್ಕೆ ನಮಗೆ ನಾಚಿಕೆ ಇಲ್ಲ. ಗಾಣಗಾಪುರದಲ್ಲಿ ದೊಡ್ಡ ದೊಡ್ಡವರೇ ಜೋಳಿಗೆ ಹಿಡಿದು ಮಧುಕರಿಗೆ ಹೋಗುತ್ತಾರೆ. ಆದರೆ ಮಕ್ಕಳನ್ನು ಬೇಡಲು ಕಳಿಸುವುದಿಲ್ಲ. ಅವರಿಗೆ ಬೇರೆ ದಾರಿ ಇದೆ, ಅದರ ಹೆಸರು ಖರಿ ಕಮಾಯಿ. ಅಂದರೆ ದುಡಿದ ಗಳಿಕೆ. ಮನೆ ಮನೆಗೆ ಹೋಗಿ ಕೆಲಸ ಕೇಳಿ, ಮಾಡಿ, ಕೂಲಿ ತಗೊಂಡು ದಳದ ಡಬ್ಬಿಗೆ ಹಾಕುವುದು. ಮೇಲೆ ಹೇಳಿದ ₹2,340 ಬಂದಿದ್ದು ಹಾಗೆ: ಬೈಕ್ ತೊಳೆದದ್ದು, ಶೇಂಗಾ ಸುಲಿದದ್ದು, ಕಿರಾಣಿ ಅಂಗಡಿಯ ಡಬ್ಬಿ ಒರೆಸಿ ಜೋಡಿಸಿದ್ದು.

ಬರುವ ತಿಂಗಳ ಎರಡು ಭಾನುವಾರ ಮಕ್ಕಳು ಮತ್ತೆ ಹೊರಡುತ್ತಾರೆ. ನಿಮ್ಮ ಮನೆಗೆ ಬಂದರೆ ಸುಮ್ನೆ ದುಡ್ಡು ಕೊಟ್ಟು ಕಳಿಸಬೇಡಿ, ಕೆಲಸ ಕೊಡಿ. ಕೆಲಸಕ್ಕೆ ತಕ್ಕ ಕೂಲಿ ಕೊಟ್ಟರೆ ಸಾಕು. ಹೋದ ಸಲ ಅಂಗಡಿಯವರೊಬ್ಬರು ಪ್ರೀತಿಯಿಂದ ಅರ್ಧ ಗಂಟೆಯ ಕೆಲಸಕ್ಕೆ ₹500 ಕೊಟ್ಟಿದ್ದರು. ಕೋರ್ಟ್ ಆಫ್ ಆನರ್ ಕೂತು, ಕೂಲಿ ₹60 ಅಂತ ತೀರ್ಮಾನಿಸಿ, ಗರುಡ ಲೀಡರ್ ಕೈಯಲ್ಲಿ ₹440 ವಾಪಸ್ ಕಳಿಸಿತು. ಅಂಗಡಿಯವರು ತಗೊಳ್ಳಲಿಲ್ಲ. ಅವನೂ ಬಿಡಲಿಲ್ಲ. ಕೊನೆಗೆ ಇನ್ನೂ ಏಳು ಸಲ ಬಂದು ಅಂಗಡಿ ಒರೆಸಿ, ಮಿಕ್ಕ ₹20 ವಾಪಸ್ ಕೊಟ್ಟು ಲೆಕ್ಕ ಚುಕ್ತಾ ಮಾಡುವುದು ಅಂತ ಒಪ್ಪಂದವಾಗಿದೆ. ನಾಲ್ಕು ಸಲ ಮುಗಿದಿದೆ.

ನಿಮ್ಮ ಊರ ಶಾಲೆಯ
ಸ್ಕೌಟ್ ಮಾಸ್ಟರ್, ಗೈಡ್ ಕ್ಯಾಪ್ಟನ್ ಮತ್ತು ಟ್ರಸ್ಟಿನ ಸದಸ್ಯರು
ಅಫಜಲಪುರ ತಾಲೂಕು, ಕಲಬುರಗಿ ಜಿಲ್ಲೆ